ನಡೆದಾಡುವ ಹೆಣಕ್ಕೆ ನಿರಾಕ್ಷೇಪಣಾ ಪತ್ರ

ಮಾಲ್ಕಮ್ ಮೆಕ್‌ಬ್ರೈಡ್ ಒಬ್ಬ ಸಂಶೋಧನಾ ವಿದ್ಯಾರ್ಥಿ. ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಮಾತ್ರ ಇರುವ ಎಂಪೈರ್ ಸ್ಟೇಟ್ ವಿಶ್ವವಿದ್ಯಾಲಯದವನು. ಸಹಪಾಠಿ ಪೀಟರ್ ಪಾರ್ಕರ್, ಅಂದರೆ ಮುಖವಾಡವಿಲ್ಲದ ಸ್ಪೈಡರ್‌ಮ್ಯಾನ್‌ನ ಹೆಸರೆತ್ತಿದರೆ ಅವನ ಹೊಟ್ಟೆ ಉರಿಯುತ್ತದೆ. 1989ರಲ್ಲಿ ಈತ, ಸತ್ತುಹೋಗಿದ್ದ ಪ್ರಾಧ್ಯಾಪಕ ಮೈಲ್ಸ್ ವಾರನ್ ಅವರ ಹಳೆಯ ಪ್ರಯೋಗಾಲಯಕ್ಕೆ ಕಾಲಿಟ್ಟ. ಪ್ರಾಧ್ಯಾಪಕರೆಂದರೆ ಸಾಮಾನ್ಯರಲ್ಲ. ಹಗಲು ಜೀವಶಾಸ್ತ್ರ ಕಲಿಸಿ, ಉಳಿದ ಹೊತ್ತಿನಲ್ಲಿ ಜಾಕಲ್ ಎಂಬ ಹೆಸರಿನ ಹಸಿರು ವೇಷದಲ್ಲಿ ಊರಿಗೆ ಉಪದ್ರವ ಕೊಟ್ಟವರು. ತೀರಿಹೋದ ವಿದ್ಯಾರ್ಥಿನಿಯ ತದ್ರೂಪಿಯನ್ನು ಬೆಳೆಸಿದವರು. ಅಂಥವರು ಬಿಟ್ಟುಹೋದ ಗಾಜಿನ ಸಾಮಾನನ್ನು ಯಾರಾದರೂ ಪಟ್ಟಿ ಮಾಡಿ, ಸುಟ್ಟು, ಸಹಿ ಹಾಕಬೇಕಿತ್ತಲ್ಲವೇ? ಹಾಕಿಲ್ಲ. ಅಲ್ಲೊಂದು ಪ್ರನಾಳ ಉಳಿದಿತ್ತು, ಅದರೊಳಗೊಂದು ವೈರಸ್ ಇತ್ತು. ಮೆಕ್‌ಬ್ರೈಡ್ ಹೊರಗೆ ಬಂದದ್ದು ಕ್ಯಾರಿಯನ್ ಎಂಬ ಒಣಗಿದ ಹೆಣವಾಗಿ.

ಈ ಹೆಣ ಮುಟ್ಟಿದರೆ ಜೀವವಿದ್ದದ್ದು ಬೂದಿ. ನಮ್ಮ ಭಸ್ಮಾಸುರ ಇದೇ ವರಕ್ಕಾಗಿ ಘೋರ ತಪಸ್ಸು ಮಾಡಬೇಕಾಯಿತು. ಮೆಕ್‌ಬ್ರೈಡ್‌ಗೆ ಒಂದು ಪ್ರನಾಳ ಸಾಕಾಯಿತು.

ವೈರಸ್ಸಿನ ಕಾರ್ಯದಕ್ಷತೆಯನ್ನು ಗಮನಿಸಿ. ನಿಜಲೋಕದ ಫ್ಲೂ ವೈರಸ್ ತನ್ನ ಇಡೀ ಆಸ್ತಿಯನ್ನು ಎಂಟು ತುಣುಕು ಆರ್‌ಎನ್‌ಎಯಲ್ಲಿ ಕಟ್ಟಿಕೊಂಡು ಬರುತ್ತದೆ. ಅಷ್ಟರಲ್ಲಿ ಅದು ಕೊಡಬಲ್ಲದ್ದು ಜ್ವರ, ಕೆಮ್ಮು, ಮೈಕೈ ನೋವು, ವಿಪರೀತವಾದರೆ ಸಾವು. ಕ್ಯಾರಿಯನ್ ವೈರಸ್ ಹಾಗಲ್ಲ. ಪ್ರಾಧ್ಯಾಪಕರ ಮುಖ, ಅವರ ನೆನಪುಗಳು, ಅವರು ಬಾಕಿ ಉಳಿಸಿಹೋದ ಹಗೆ, ಜೊತೆಗೆ ಗಾಳಿಯಲ್ಲಿ ತೇಲುವ ವಿದ್ಯೆ, ಎಲ್ಲವನ್ನೂ ಒಂದೇ ಹುಡುಗನ ಮೈಗೆ ಇಳಿಸಿಬಿಡುತ್ತದೆ. ಹಿಂದಿನವರು ಇದನ್ನು ಪರಕಾಯ ಪ್ರವೇಶ ಎನ್ನುತ್ತಿದ್ದರು. ಹಾಗೆಂದು ಬರೆದು ಅಮೆರಿಕದ ಕಾಮಿಕ್ಸ್ ಕಚೇರಿಗೆ ಕೊಟ್ಟಿದ್ದರೆ ಕಥೆ ಬಾಗಿಲಲ್ಲೇ ಮುಗ್ಗರಿಸುತ್ತಿತ್ತು. ವೈರಸ್ ಎಂದು ಬರೆದರೆ ಒಳಗೆ ಬನ್ನಿ, ಕೂತುಕೊಳ್ಳಿ.

ಕಾಮಿಕ್ಸ್‌ಗೊಂದು ಕಚೇರಿಯೇ ಎಂದು ಹುಬ್ಬೇರಿಸಬೇಡಿ. ಇತ್ತು. 1954ರಲ್ಲಿ ಅಮೆರಿಕದ ಮಕ್ಕಳು ಕೆಡುತ್ತಿದ್ದಾರೆ ಎಂಬ ಗಾಬರಿ ಹಬ್ಬಿತು. ಮಕ್ಕಳು ಕೆಟ್ಟಾಗ ಕಾರಣ ಮನೆಯಲ್ಲಿ ಸಿಗುವುದಿಲ್ಲ. ಅವರ ಕೈಯಲ್ಲಿರುವ ಅಗ್ಗದ ವಸ್ತುವಿನಲ್ಲೇ ಸಿಗಬೇಕು, ಅದು ಎಲ್ಲ ಕಾಲದ ನಿಯಮ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪುಸ್ತಕ ಬರೆದು ಕಾಮಿಕ್ಸ್ ಕಡೆಗೆ ಬೆರಳು ತೋರಿಸಿದರು. ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆಗೆ ಕೂತಿತು. ಸೆನೆಟರ್ ಕೆಫಾವರ್ ಒಂದು ಮುಖಪುಟ ಎತ್ತಿ ಹಿಡಿದರು: ಒಬ್ಬನ ಒಂದು ಕೈಯಲ್ಲಿ ರಕ್ತ ಮೆತ್ತಿದ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೇ ಎಂದು ಕೇಳಿದರು. ಪ್ರಕಾಶಕ ವಿಲಿಯಂ ಗೇನ್ಸ್, ಭಯಾನಕ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು ಎಂದರು. ತಲೆಯನ್ನು ಇನ್ನಷ್ಟು ಮೇಲೆತ್ತಿ ಕುತ್ತಿಗೆಯಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ದುರಭಿರುಚಿಯಾಗುತ್ತಿತ್ತು ಎಂದೂ ವಿವರಿಸಿದರು. ಪ್ರಾಮಾಣಿಕ ಉತ್ತರ. ಅದರಿಂದಲೇ ಉದ್ಯಮ ಮುಳುಗುವ ಹಾಗಾಯಿತು.

ಸರ್ಕಾರ ಮೂಗುದಾರ ಹಾಕುವ ಮೊದಲು ಪ್ರಕಾಶಕರೇ ಮೂಗು ಚುಚ್ಚಿಸಿಕೊಂಡರು. ಕಾಮಿಕ್ಸ್ ಕೋಡ್ ಅಥಾರಿಟಿ ಹುಟ್ಟಿತು. ಮುದ್ರಣಕ್ಕೆ ಹೋಗುವ ಮೊದಲು ಪುಟಗಳು ಅಲ್ಲಿಗೆ ಹೋಗಬೇಕು. ಒಪ್ಪಿಗೆಯಾದರೆ ಮುಖಪುಟದ ಮೂಲೆಗೆ ಅಂಚು ಕತ್ತರಿಸಿದ ಅಂಚೆಚೀಟಿಯಂಥ ಒಂದು ಮುದ್ರೆ. ಮುದ್ರೆಯಿಲ್ಲದ ಸರಕನ್ನು ಬಹುತೇಕ ವಿತರಕರು ಮುಟ್ಟುತ್ತಿರಲಿಲ್ಲ. ನಿಯಮಾವಳಿಯನ್ನು ಓದಿದರೆ ಇದನ್ನು ಬರೆದವರು ಹಾಸ್ಯಸಾಹಿತ್ಯಕ್ಕೆ ಬರಬೇಕಿತ್ತು ಎನಿಸುತ್ತದೆ. ಶೀರ್ಷಿಕೆಯಲ್ಲಿ ‘ಕ್ರೈಂ’ ಎಂಬ ಪದದ ಅಕ್ಷರಗಳು ಉಳಿದ ಪದಗಳಿಗಿಂತ ಗಮನಾರ್ಹವಾಗಿ ದೊಡ್ಡದಿರಬಾರದು. ‘ಹಾರರ್’, ‘ಟೆರರ್’ ಶೀರ್ಷಿಕೆಯಲ್ಲಿ ಬರಲೇಬಾರದು. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ತೋರಿಸಬಾರದು. ನಡೆದಾಡುವ ಹೆಣ, ರಕ್ತಪಿಶಾಚಿ, ತೋಳಮಾನವ ಇವರಿಗೆ ಪ್ರವೇಶವಿಲ್ಲ. ಅಧಿಕಾರಿಯನ್ನೂ ಹೆಣವನ್ನೂ ಒಂದೇ ನಿಯಮಾವಳಿಯಲ್ಲಿ ಕೂರಿಸಿದ್ದಕ್ಕೆ ಅಧಿಕಾರಿಗಳು ಆಕ್ಷೇಪಿಸಿದ ದಾಖಲೆ ನನಗೆ ಸಿಕ್ಕಿಲ್ಲ.

1956ರ ಸಂಚಿಕೆಯೊಂದಕ್ಕಾಗಿ ಇದೇ ಗೇನ್ಸ್ ಒಂದು ಹಳೆಯ ಕಥೆಯನ್ನು ಮರುಮುದ್ರಣಕ್ಕೆ ಕಳಿಸಿದರು. ಕಿತ್ತಳೆ ಬಣ್ಣದ ರೋಬೋಗಳು ನೀಲಿ ಬಣ್ಣದ ರೋಬೋಗಳನ್ನು ಕೀಳಾಗಿ ಕಾಣುವ ಗ್ರಹ; ಅದನ್ನು ಪರಿಶೀಲಿಸಲು ಭೂಮಿಯಿಂದ ಬಂದ ಗಗನಯಾತ್ರಿ ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆಯುತ್ತಾನೆ. ಕಪ್ಪು ಮನುಷ್ಯ, ಚರ್ಮದ ಮೇಲಿನ ಬೆವರ ಹನಿಗಳು ದೂರದ ನಕ್ಷತ್ರಗಳಂತೆ ಮಿನುಗುತ್ತವೆ. ಕೋಡ್ ಆಡಳಿತಾಧಿಕಾರಿ, ನ್ಯಾಯಾಧೀಶ ಚಾರ್ಲ್ಸ್ ಮರ್ಫಿ, ಆತ ಕಪ್ಪಾಗಿರಕೂಡದು ಎಂದರು. ನಿಯಮಾವಳಿಯಲ್ಲಿ ಹಾಗೆಂದು ಎಲ್ಲೂ ಇರಲಿಲ್ಲ. ಗೇನ್ಸ್ ಪತ್ರಿಕೆಗಳಿಗೆ ಹೇಳುವುದಾಗಿ ಬೆದರಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿದರು; ಆಮೇಲೆ ಕಾಮಿಕ್ಸ್ ಪ್ರಕಟಣೆಗೇ ಕೈಮುಗಿದರು. ಈ ಪ್ರಸಂಗದಲ್ಲಿ ನಗಲು ನನಗೆ ಏನೂ ಕಾಣಲಿಲ್ಲ.

ಹೆಣಗಳ ಕಡೆಗೆ ಮರಳೋಣ, ಅಲ್ಲಿ ಮನರಂಜನೆ ಹೆಚ್ಚು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಜಾತಿ ಈ ಕಥೆಗಾರರದ್ದು. ನಡೆದಾಡುವ ಹೆಣ, ಅಂದರೆ ಜೋಂಬಿ, ನಿಷಿದ್ಧ ತಾನೇ? ಸ್ಪೈಡರ್‌ಮ್ಯಾನ್‌ನ ಪ್ರಕಾಶಕ ಮಾರ್ವೆಲ್ ಕಂಪನಿ ‘ಜುವೆಂಬಿ’ ಎಂದು ಅಚ್ಚು ಹಾಕಿತು. ಅದೇ ಕುರುಡು ಕಣ್ಣು, ಅದೇ ಎಳೆದಾಡುವ ಕಾಲು. 1976ರಲ್ಲಿ ಸತ್ತಿದ್ದ ವಂಡರ್‌ಮ್ಯಾನ್ ಎಂಬ ಮಹಾವೀರ ಹಾಗೆಯೇ ಎದ್ದು ಬಂದ, ಮುದ್ರೆಗೆ ತೊಂದರೆಯಾಗಲಿಲ್ಲ. ಅದೇ ಕಂಪನಿ 1973ರಿಂದಲೇ ಶೀರ್ಷಿಕೆಯಲ್ಲಿ ‘ಜೋಂಬಿ’ ಎಂದು ದಪ್ಪಕ್ಷರದಲ್ಲಿ ಹಾಕಿ ಕಪ್ಪುಬಿಳುಪು ನಿಯತಕಾಲಿಕವನ್ನೇ ತಂದಿತ್ತು. ಅದು ದೊಡ್ಡ ಅಳತೆಯ ಕಾಗದ, ಕೋಡ್ ವ್ಯಾಪ್ತಿಗೆ ಬರುವುದಿಲ್ಲ. ಕಾಗದ ಚಿಕ್ಕದಾದಂತೆ ಹೆಣದ ಅಪಾಯ ಹೆಚ್ಚುತ್ತದೆ ಎಂದು ತಿಳಿಯಬೇಕು. ಮಾರ್ವ್ ವುಲ್ಫ್‌ಮನ್ ಎಂಬ ಬರಹಗಾರರ ಮನೆತನದ ಹೆಸರೇ ತೋಳಮಾನವ ಎಂದಾಗಿ, ಅದನ್ನು ಕಥೆಯೊಳಗೆ ಕಂಡ ಕಚೇರಿ ನಿಷಿದ್ಧ ಪ್ರಾಣಿ ಎಂದು ತಡೆದದ್ದೂ ಪ್ರಸಿದ್ಧ ಪ್ರಸಂಗ. ಅದು ಬರೆದವರ ನಿಜವಾದ ಹೆಸರು ಎಂದು ತಿಳಿಹೇಳಿದ ಮೇಲೆ, ಹಾಗಾದರೆ ಲೇಖಕರ ಹೆಸರನ್ನು ಸರಿಯಾಗಿ ಹಾಕಿ ಎಂದರಂತೆ. ಆ ಕಥೆ ತಂದ ಡಿಸಿ ಕಂಪನಿಯಲ್ಲಿ ಕಥೆಗಾರರ ಹೆಸರು ಅಚ್ಚಾಗುವುದು ಅಪರೂಪವಾಗಿದ್ದ ಕಾಲ ಅದು. ಕಚೇರಿಯಿಂದ ಆದ ಒಂದು ಉಪಕಾರವೂ ಹೀಗೆ ಗೊತ್ತಾಗದೆ ಆಯಿತು.

1970ರಲ್ಲಿ ಅಮೆರಿಕದ ಆರೋಗ್ಯ ಇಲಾಖೆಯೇ ಮಾರ್ವೆಲ್‌ನ ಸಂಪಾದಕ ಸ್ಟ್ಯಾನ್ ಲೀ ಅವರಿಗೆ ಪತ್ರ ಬರೆದು, ಮಾದಕ ವಸ್ತುಗಳ ಅಪಾಯವನ್ನು ಮಕ್ಕಳಿಗೆ ತಿಳಿಸುವ ಕಥೆ ಬರೆಯಿರಿ ಎಂದಿತು. ಬರೆದರು. ಮಾದಕ ವಸ್ತುವಿನ ಪ್ರಸ್ತಾಪವಿದೆ ಎಂದು ಕೋಡ್ ಕಚೇರಿ ಮುದ್ರೆ ನಿರಾಕರಿಸಿತು. 1971ರಲ್ಲಿ ಸ್ಪೈಡರ್‌ಮ್ಯಾನ್‌ನ ಮೂರು ಸಂಚಿಕೆಗಳು ಮುದ್ರೆಯಿಲ್ಲದೆ ಅಂಗಡಿಗೆ ಹೋದವು. ಆಕಾಶ ಕಳಚಿ ಬೀಳಲಿಲ್ಲ. ಆ ವರ್ಷವೇ ನಿಯಮಗಳು ಸಡಿಲವಾದವು: ರಕ್ತಪಿಶಾಚಿ, ತೋಳಮಾನವ ಬರಬಹುದು, ಆದರೆ ಶಾಲೆಗಳಲ್ಲಿ ಓದಿಸುವಂಥ ಉತ್ತಮ ಸಾಹಿತ್ಯದ ಸಂಪ್ರದಾಯದಲ್ಲಿ ಬರಬೇಕು. ಡ್ರಾಕುಲಾಗೆ ವಂಶಾವಳಿ ಇತ್ತು, ಒಳಗೆ ಹೋದ. ಬಡಪಾಯಿ ಜೋಂಬಿಯ ಹಿಂದೆ ಹೇಳಿಕೊಳ್ಳುವ ಕಾದಂಬರಿಯಿರಲಿಲ್ಲ, ಹೊರಗೇ ಉಳಿದ. ಕೆಲವೇ ತಿಂಗಳಲ್ಲಿ ಬಂದ ಮಾರ್ಬಿಯಸ್ ಇಬ್ಬರಿಗಿಂತಲೂ ಜಾಣ: ನೊಬೆಲ್ ಪಡೆದ ಜೀವರಸಾಯನ ವಿಜ್ಞಾನಿ, ಬಾವಲಿ ಮತ್ತು ವಿದ್ಯುತ್ತಿನ ಪ್ರಯೋಗ ಕೈಕೊಟ್ಟು ರಕ್ತ ಕುಡಿಯುವವನು. ಶಾಪವಿಲ್ಲ, ಶವಪೆಟ್ಟಿಗೆಯಿಲ್ಲ, ಬರೀ ವೈದ್ಯಕೀಯ ಸಮಸ್ಯೆ.

ಕ್ಯಾರಿಯನ್ ಈ ಸಾಲಿನ ಕೂಸು. ಆದರೆ ಅವನ ಜನನ ದಾಖಲೆಯನ್ನು ಯಾವ ಪುರಸಭೆಯೂ ಇಷ್ಟು ಸಲ ತಿದ್ದಿರಲಾರದು. 1978ರಲ್ಲಿ ಮೊದಲು ಬಂದಾಗ ಅವನು ವಾರನ್ ಅವರ ತದ್ರೂಪಿ; ಬೆಳೆಸುವ ಪೆಟ್ಟಿಗೆಯೊಳಗೆ ಬೇಕಾದದ್ದಕ್ಕಿಂತ ಹೆಚ್ಚು ಕಾಲ ಬೆಳೆದು, ಮುಪ್ಪು ದಾಟಿ, ಸಾವನ್ನೂ ದಾಟಿದವನು. ಹತ್ತು ವರ್ಷ ಕಳೆದ ಮೇಲೆ ಹೈ ಎವಲ್ಯೂಷನರಿ ಎಂಬ ಲೋಹಕವಚದ ಮಹಾಶಯ ಬಂದು, ತದ್ರೂಪಿ ಮಾಡುವಷ್ಟು ಬುದ್ಧಿ ವಾರನ್‌ಗೆ ಎಲ್ಲಿತ್ತು, ಅದೆಲ್ಲ ವೈರಸ್ಸಿನ ಕೆಲಸ ಎಂದು ತೀರ್ಪು ಕೊಟ್ಟ. 1990ರ ದಶಕದಲ್ಲಿ ತದ್ರೂಪಿಗಳ ಧಾರಾವಾಹಿ ಶುರುವಾಗಿ ಆ ತೀರ್ಪು ಸುಳ್ಳೆಂದಾಯಿತು. ಈ ನಡುವೆ, ವೈರಸ್ ತೀರ್ಪಿನ ಆಧಾರದ ಮೇಲೆ ಹೆಣವಾಗಿದ್ದ ಮೆಕ್‌ಬ್ರೈಡ್‌ನ ಪಾಡು? 1993ರಲ್ಲಿ ಹದಿನಾಲ್ಕು ಕಂತಿನ ಮಾರಾಮಾರಿಯಲ್ಲಿ ಕಾರ್ನೇಜ್‌ನ ಕೊಲೆಗಡುಕರ ತಂಡ ಸೇರಿ, ಶ್ರೀಕ್ ಎಂಬಾಕೆಯನ್ನು ಅಮ್ಮನೆಂದು ಒಪ್ಪಿಕೊಂಡು ಓಡಾಡಿದ. ಪಿಎಚ್‌ಡಿ ಮುಗಿಯಲಿಲ್ಲ. ಅದೊಂದೇ ಈ ಕಥೆಯಲ್ಲಿ ಪೂರ್ತಿ ನಂಬಬಹುದಾದ ಸಂಗತಿ ಎಂದುಕೊಂಡಿದ್ದೆ.

ಇನ್ನೊಂದಿದೆ. 2014ರ ಜುಲೈ 1ರಂದು ಅಮೆರಿಕದ ಬೆಥೆಸ್ಡಾದಲ್ಲಿ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆವರಣದ ಒಂದು ಶೀತಲ ದಾಸ್ತಾನು ಕೋಣೆಯನ್ನು ಖಾಲಿ ಮಾಡುವಾಗ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹತ್ತಿ ಹಾಸಿ ಮಲಗಿಸಿದ್ದ ಗಾಜಿನ ಸೀಸೆಗಳು. ಆರರ ಮೇಲೆ ಸಿಡುಬಿನ ವೈರಸ್ಸಿನ ಹೆಸರು. 1980ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಿದ ರೋಗ. ಅಟ್ಲಾಂಟಾ ಮತ್ತು ರಷ್ಯದ ಕೋಲ್ಟ್ಸೊವೊ, ಈ ಎರಡು ಕಡೆ ಬಿಟ್ಟು ಜಗತ್ತಿನಲ್ಲಿ ಎಲ್ಲೂ ಇರಕೂಡದ ವಸ್ತು. ಪರೀಕ್ಷಿಸಿದಾಗ ಎರಡು ಸೀಸೆಗಳ ವೈರಸ್ ಇನ್ನೂ ಬೆಳೆಯುವ ಸ್ಥಿತಿಯಲ್ಲಿತ್ತು. ಸೀಸೆಗಳು 1950ರ ದಶಕದವು. ಕಡಿದ ತಲೆಯ ಚಿತ್ರ ಹಿಡಿದು ಸೆನೆಟರುಗಳು ಮಕ್ಕಳ ಭವಿಷ್ಯಕ್ಕಾಗಿ ಬೆವರುತ್ತಿದ್ದ ಅದೇ ದಶಕ. ‘ಕ್ರೈಂ’ ಪದದ ಅಕ್ಷರಗಳನ್ನು ಅಳೆದ ದೇಶ ಪೆಟ್ಟಿಗೆಯನ್ನು ಎಲ್ಲಿಟ್ಟೆವೆಂದು ಮರೆತಿತ್ತು. ಕಾಮಿಕ್ಸ್ ಬರೆದವರ ಕಡೆಯಿಂದ ನಾನು ಇಷ್ಟು ವಾದಿಸಬಲ್ಲೆ: ಯಾರೂ ಲೆಕ್ಕವಿಡದ ಪ್ರನಾಳದ ವಿಷಯದಲ್ಲಿ ಅವರು ಉತ್ಪ್ರೇಕ್ಷೆ ಮಾಡಿರಲಿಲ್ಲ.

ಮಾರ್ವೆಲ್ 2001ರಲ್ಲಿ ಕೋಡ್ ಬಿಟ್ಟು ಹೊರಬಂತು. ಇನ್ನು ಹೆಣಗಳನ್ನು ಸ್ಮಶಾನದಿಂದ ನೇರವಾಗಿ ಎಬ್ಬಿಸಬಹುದಿತ್ತು, ಮಂತ್ರವೋ ಶಾಪವೋ ಸಾಕಾಗಿತ್ತು. ಆದರೂ 2005ರ ಕೊನೆಗೆ ತನ್ನ ಮಹಾವೀರರನ್ನೆಲ್ಲ ನರಭಕ್ಷಕ ಜೋಂಬಿಗಳನ್ನಾಗಿ ಮಾಡುವಾಗ ಕಂಪನಿ ಕಾರಣ ಕೊಟ್ಟದ್ದು ಏನು? ವೈರಸ್. ಕೇಳುವವರು ಮನೆಗೆ ಹೋದ ಮೇಲೂ ಗುರುತಿನ ಚೀಟಿ ಕೈಯಲ್ಲೇ ಇತ್ತು. 2011ರ ಜನವರಿಯಲ್ಲಿ ಡಿಸಿ ಮತ್ತು ಆರ್ಚಿ ಕಂಪನಿಗಳೂ ಕೋಡ್ ಬಿಟ್ಟವು, ಕಚೇರಿ ತೀರಿಕೊಂಡಿತು. ಮುದ್ರೆ ಮಾತ್ರ ಸಾಯಲಿಲ್ಲ. ಅದೇ ವರ್ಷ ಅದರ ಹಕ್ಕುಗಳು ಕಾಮಿಕ್ಸ್‌ನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ನಿಧಿಯೊಂದರ ಪಾಲಾದವು. ಈಗ ಆ ಅಂಚೆಚೀಟಿಯನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿ, ಬಂದ ಹಣವನ್ನು ಅದು ತಡೆದಿದ್ದಂಥ ಕಥೆಗಳ ವಕೀಲರಿಗೆ ಕೊಡಬಹುದು.