ಪ್ರಶ್ನೆಗೆ ಸಮಯವಿಲ್ಲದಿದ್ದರೆ ಉಪನ್ಯಾಸ ಯಾರಿಗಾಗಿ?

ಮುಂದಿನ ತಿಂಗಳ ಉಪನ್ಯಾಸ, ಕಾರ್ಯಾಗಾರಗಳ ಪಟ್ಟಿಯನ್ನು ತಂಗಿಯ ಮಗ ಈಗಷ್ಟೇ ಕಳುಹಿಸಿದ. ಅವನು ಪುಣೆಯ ಒಂದು ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾನೆ. ಯಂತ್ರ ಕಲಿಕೆ, ಸೈಬರ್ ಭದ್ರತೆ, ಎರಡು ದಿನದ ಪೈಥಾನ್ ಕಾರ್ಯಾಗಾರ. ವಿಷಯಗಳೆಲ್ಲ ಒಳ್ಳೆಯವೇ. ಆದರೆ ನಿನ್ನೆ ಅದೇ ವಿಭಾಗದ ಸಭಾಂಗಣದಲ್ಲಿ ಕಂಡದ್ದು ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತಿದೆ.

ನಿನ್ನೆಯ ವಿಷಯ ಭಾರತೀಯ ಲಿಪಿಗಳು ಮತ್ತು ಗಣಕ. ರಜೆ ಹಾಕಿ ಹೋಗಿದ್ದೆ. ಹತ್ತೂವರೆಗೆ ಶುರುವಾಗಬೇಕಿದ್ದ ಮಾತು ದೀಪ, ಸ್ವಾಗತ ಗೀತೆ, ಶಾಲು, ತೆಂಗಿನಕಾಯಿ, ವೇದಿಕೆಯ ಏಳು ಜನರ ಪರಿಚಯ ಮುಗಿದು ಶುರುವಾದಾಗ ಹನ್ನೊಂದೂಕಾಲು. ಉಪನ್ಯಾಸಕರಿಗೆ ಉಳಿದದ್ದು ಅರ್ಧ ಗಂಟೆ. ಅಷ್ಟರಲ್ಲೇ ಅವರು 1988ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್, ಗಣಕದಲ್ಲಿ ಭಾರತೀಯ ಲಿಪಿ ಮೂಡಿಸಿದ ಅದರ ಜಿಸ್ಟ್ ಕಾರ್ಡ್, ಭಾರತೀಯ ಅಕ್ಷರಗಳಿಗೆ ಸಂಕೇತ ಗೊತ್ತುಮಾಡಿದ 1991ರ ಇಸ್ಕಿ ಮಾನಕ, ಇಸ್ಕಿಯ ಜಾಡಿನಲ್ಲೇ ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸಿಕ್ಕ ಜಾಗ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಕನ್ನಡ ಪಿಡಿಎಫ್‌ನಿಂದ ‘ಸೂರ್ಯ’ ಎಂಬುದನ್ನು ನಕಲು ಮಾಡಿದರೆ ‘ಸೂಯರ್’ ಎಂದು ಬರುತ್ತದೆ, ಏಕೆ ಎಂದು ಮರಾಠಿಯಲ್ಲಿ ಕೇಳಿದಳು. ಉಪನ್ಯಾಸಕರು ಬಾಯಿ ತೆರೆಯುವ ಮೊದಲೇ ನಿರೂಪಕರು ಮೈಕು ತೆಗೆದುಕೊಂಡರು. ವೇಳೆಯಾಯಿತಂತೆ, ಪ್ರಶ್ನೆಗಳನ್ನು ಚಹಾದ ಹೊತ್ತಿಗೆ ಕೇಳಬೇಕಂತೆ. ಚಹಾ ಬರುವಷ್ಟರಲ್ಲಿ ಅತಿಥಿಗಳ ಕಾರು ಹೊರಟಾಗಿತ್ತು.

ಇಡೀ ದಿನದ ಅತ್ಯುತ್ತಮ ಪ್ರಶ್ನೆ ಅದು! ಗಣಕವು ಆ ಪದದ ‘ರ್ಯ’ವನ್ನು ರ, ಹಲಂತ (ಸ್ವರವಿಲ್ಲ ಎನ್ನುವ ಗುರುತು), ಯ ಎಂಬ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ತೆರೆಯ ಮೇಲೆ ಮಾತ್ರ ಅರ್ಕಾವತ್ತು ಯಕಾರವಾದ ಮೇಲೆ ಬಂದು ಕೂರುತ್ತದೆ. ಎಷ್ಟೋ ಪಿಡಿಎಫ್‌ಗಳಲ್ಲಿ ಉಳಿಯುವುದು ಕಣ್ಣಿಗೆ ಕಾಣುವ ಆ ಕ್ರಮ ಮಾತ್ರ. ಹಾಗಾಗಿ ಅಂಥ ಕಡತದಲ್ಲಿ ‘ಸೂರ್ಯ’ ಎಂದು ಹುಡುಕಿದರೆ ಸಿಗುವುದಿಲ್ಲ. ಇದರಿಂದಲೇ ಒಂದು ಕಾರ್ಯಾಗಾರ ಹುಟ್ಟಬಹುದಿತ್ತು.

“ದೊಡ್ಡಮ್ಮ, ಅತಿಥಿಗಳಿಗೆ ಗೌರವ ಬೇಡವೇ? ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ನ್ಯಾಕ್‌ನ ವರದಿಗೆ ಫೋಟೊ ಬೇಡವೇ?” ಎನ್ನುತ್ತಾನೆ ತಂಗಿಯ ಮಗ. ಬೇಕು, ಅದಕ್ಕೆ ಐದು ನಿಮಿಷ ಸಾಕು. ದೂರದಿಂದ ಬಂದ ವಿದ್ವಾಂಸರಿಗೆ ಒಳ್ಳೆಯ ಪ್ರಶ್ನೆಗಿಂತ ದೊಡ್ಡ ಶಾಲು ಯಾವುದು? ಮುಂಬೈಯ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್ಆರ್‌ನ ವಿಜ್ಞಾನಿಗಳು ಜುಹುವಿನ ಪೃಥ್ವಿ ರಂಗಮಂದಿರದಲ್ಲಿ ಜನಸಾಮಾನ್ಯರ ಜೊತೆ ನಡೆಸುವ ಮಾತುಕತೆಗೆ ‘ಚಾಯ್ ಅಂಡ್ ವೈ’ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಚಹಾವೂ ಇದೆ, ‘ಏಕೆ’ಯೂ ಇದೆ. ಇಲ್ಲಿ ಚಹಾ ಬಂದು ‘ಏಕೆ’ಯನ್ನು ಹೊರಗೆ ಕಳುಹಿಸಿತು.

ನನ್ನ ಮೇಲೂ ನನಗೆ ಸಿಟ್ಟಿದೆ. ಎದ್ದು “ಅವಳಿಗೆ ಮೈಕು ಕೊಡಿ” ಎನ್ನಬೇಕಿತ್ತು. ಇಪ್ಪತ್ತು ವರ್ಷ ಈ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದವಳು ಬಾಯಿ ಮುಚ್ಚಿ ಕುಳಿತೆ.

ಆಮೇಲೆ ಹೊರಗೆ ಮಾತನಾಡಿಸಿದಾಗ ಗೊತ್ತಾಯಿತು, ಮಹಾರಾಷ್ಟ್ರದ ಗಡಿಯೂರು ಅಕ್ಕಲಕೋಟೆಯ ಕನ್ನಡದ ಹುಡುಗಿ. “ಅಕ್ಕಾ, ನಿಮಗೆ ಕಡತ ಕಳುಹಿಸಲೇ?” ಎಂದಳು. ರಾತ್ರಿ ಹನ್ನೊಂದಕ್ಕೆ ಬಂತು. ಮೊದಲ ಪುಟದಲ್ಲೇ ‘ಕಾರ್ಯ’ ನಕಲಾಗಿ ‘ಕಾಯರ್’ ಆಗುತ್ತದೆ. ಅದನ್ನು ಉಪನ್ಯಾಸಕರಿಗೆ ಅವಳ ಹೆಸರಿನಲ್ಲೇ ಕಳುಹಿಸಿದ್ದೇನೆ. ಮುಂದಿನ ತಿಂಗಳ ಪ್ರತಿ ಉಪನ್ಯಾಸದಲ್ಲೂ ಅರ್ಧ ಗಂಟೆ ಮೈಕು ವಿದ್ಯಾರ್ಥಿಗಳ ಕೈಯಲ್ಲಿರಲಿ ಎಂದು ವಿಭಾಗದ ಮುಖ್ಯಸ್ಥರಿಗೂ ಬರೆದಿದ್ದೇನೆ.