ಬಿಸ್ಕತ್ ಕಲರ್ ಮಹಾಯುದ್ಧ

ಹಾಲ್‌ಗೆ ಯಾವ ಬಣ್ಣ ಅಂತ ನಮ್ಮ ಮನೆಯಲ್ಲಿ ಜಗಳವೇ ಆಗಲಿಲ್ಲ. ಎಲ್ಲರೂ ಒಂದೇ ಉಸಿರಿಗೆ ಬೀಜ್ ಅಂದೆವು. ಅಂದರೆ ನಮ್ಮ ಹಳೇ ಬಿಸ್ಕತ್ ಕಲರ್. ಕಷ್ಟ ಶುರುವಾಗಿದ್ದೇ ಆಮೇಲೆ.

ಅಂಗಡಿಯವರು ಶೇಡ್ ಕಾರ್ಡ್ ಬಿಚ್ಚಿದರು. ಪುಟದ ತುಂಬ ಒಂದೇ ಬಣ್ಣ, ಹೆಸರು ಮಾತ್ರ ಬೇರೆ ಬೇರೆ. ಬಾದಾಮಿ, ಓಟ್ಸ್, ಕೆನೆ, ಜೇನು, ಶುಂಠಿ. ಗೋಡೆಗೆ ಬಳಿಯೋದೋ ಬೆಳಗ್ಗೆ ತಿನ್ನೋದೋ? ಇವುಗಳ ನಡುವಿನ ವ್ಯತ್ಯಾಸವನ್ನೂ ಕಣ್ಣಾರೆ ಕಂಡೆ. ಬಿಳಿ ಬಣ್ಣದ ಬಕೆಟ್ಟಿಗೆ ಮಿಷನ್ನು ಹನಿಸುವ ನಾಲ್ಕು ತೊಟ್ಟು, ಅಷ್ಟೇ.

ಅಜ್ಜಿಯ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣ ಕಲಸಿ, ಚಿಟಿಕೆ ನೀಲಿ ಹಾಕುತ್ತಿದ್ದರು. ನೀಲಿ ಜಾಸ್ತಿಯಾದರೆ ಆ ವರ್ಷ ಗೋಡೆ ನೀಲಿ. ಮುಗೀತು. ನಮಗೋ ಈಗ ‘ಅಂಡರ್‌ಟೋನ್’ ಬೇಕು, ಅಂದರೆ ಬಣ್ಣದೊಳಗಿಂದ ಇಣುಕುವ ಇನ್ನೊಂದು ಬಣ್ಣ. ಮೂರು ಸ್ಯಾಂಪಲ್ ಡಬ್ಬ ತಂದು ಗೋಡೆಗೆ ಮೂರು ಪಟ್ಟಿ ಬಳಿದೆವು. ಬಿಸಿಲಲ್ಲಿ ಮಗಳಿಗೆ ಪಿಂಕ್ ಕಾಣಿಸಿತು. ಟ್ಯೂಬ್‌ಲೈಟ್ ಹಾಕಿದರೆ ಹೆಂಡತಿಗೆ ಹಸಿರು. ಹಳದಿ ಎಲ್ಇಡಿಯಲ್ಲಿ ಮೂರೂ ಒಂದೇ. ನನಗಂತೂ ಎಲ್ಲ ಬೆಳಕಲ್ಲೂ ಬಿಲ್ ಕಾಣಿಸುತ್ತಿತ್ತು.

ನಮ್ಮನ್ನು ನೋಡಿ ನಗುವವರು ಇದನ್ನೂ ಕೇಳಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2 ಲಕ್ಷಕ್ಕೂ ಹೆಚ್ಚು ಗ್ಯಾಲಕ್ಸಿಗಳ ಬೆಳಕನ್ನು ಕೂಡಿಸಿ ವಿಶ್ವದ ಸರಾಸರಿ ಬಣ್ಣ ಲೆಕ್ಕ ಹಾಕಿದರು. 2002ರ ಜನವರಿಯಲ್ಲಿ ‘ತಿಳಿ ಹಸಿರು’ ಅಂತ ಘೋಷಿಸಿದರು. ಎರಡೇ ತಿಂಗಳಲ್ಲಿ ‘ತಪ್ಪಾಯ್ತು, ಸಾಫ್ಟ್‌ವೇರ್ ಕೈಕೊಟ್ಟಿತ್ತು’ ಅಂದರು. ಸರಿಯಾದ ಬಣ್ಣ? ಬೀಜ್! ಅದಕ್ಕೆ ಹೆಸರು ಬೇರೆ ಹುಡುಕಿ, ‘ಕಾಸ್ಮಿಕ್ ಲಾಟೆ’ ಅಂತ ಇಟ್ಟರು. ಇಡೀ ಬ್ರಹ್ಮಾಂಡವನ್ನು ಕಲಸಿದರೂ ಸಿಕ್ಕಿದ್ದು ಹಾಲು ಜಾಸ್ತಿಯಾದ ಕಾಫಿ. ಅವರೇ ಹಸಿರು ಅಂದುಕೊಂಡಿದ್ದರು ಅಂದಮೇಲೆ ನನ್ನ ಹೆಂಡತಿಯದೇನು ತಪ್ಪು, ಅಲ್ವಾ?

ಮೂರು ವಾರದ ನಂತರ ಬಾದಾಮಿ ಗೆದ್ದಿತು. ಎರಡು ಕೋಟ್ ಮುಗಿದ ದಿನ ನೆಂಟರನ್ನು ಕರೆದು ಕಾಫಿ ಕೊಟ್ಟೆವು. ‘ಬಾದಾಮಿಯಲ್ಲಿ ಒಂದು ಬೆಚ್ಚಗಿನ ಗುಣ ಇದೆ’ ಅಂತ ನಾನೂ ಭಾಷಣ ಬಿಗಿದೆ.

ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟ ಪೇಂಟರ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

‘ಸಾರ್, ಬೇಜಾರು ಮಾಡ್ಕೋಬೇಡಿ. ಕೊನೇ ಕೋಟಿಗೆ ಒಂದು ಗೋಡೆಗೆ ಪೇಂಟ್ ಸಾಲಲಿಲ್ಲ. ಸ್ಯಾಂಪಲ್ ಡಬ್ಬ ಮೂರೂ ಉಳಿದಿದ್ವಲ್ಲ, ಒಟ್ಟಿಗೆ ಕಲಸಿ ಹೊಡೆದ್ಬಿಟ್ಟೆ.’

‘ಯಾವ ಗೋಡೆಗೆ?’

ಅವರು ಒಳಗೆ ಬಂದು ನಾಲ್ಕೂ ಗೋಡೆಯನ್ನು ಎರಡೆರಡು ಸಲ ನೋಡಿದರು. ಈಗ ನಾವೆಲ್ಲ ಮೊಬೈಲ್ ಟಾರ್ಚ್ ಹಿಡಿದು ಹುಡುಕುತ್ತಿದ್ದೇವೆ.