ಪೋಂ

ನಮ್ಮ ತೋಟಕ್ಕೆ ಮಂಗಗಳ ಕಾಟ. ಬೊಂಡ ಕಿತ್ತು, ಅರ್ಧ ಕುಡಿದು, ಉಳಿದದ್ದನ್ನು ನನ್ನ ತಲೆಗೆ ಗುರಿಯಿಡುವಷ್ಟು ಸಲುಗೆ ಬೆಳೆದಿತ್ತು. ಪಟಾಕಿ ಸಿಡಿಸಿದ್ದಾಯಿತು, ಡಬ್ಬ ಬಡಿದದ್ದಾಯಿತು. ಕೊನೆಗೆ ಬದಿಯಡ್ಕದ ಗುಜರಿ ಅಂಗಡಿಯಿಂದ ರಬ್ಬರ್ ಬುರುಡೆಯ ಹಳೆಯ ಹಾರ್ನೊಂದನ್ನು ತಂದೆ. ಅದುಮಿದರೆ ‘ಪೋಂ’.

ಜೂನ್ ತಿಂಗಳು. ಕೇರಳದ 52 ದಿನಗಳ ಟ್ರಾಲಿಂಗ್ ನಿಷೇಧ (ಯಂತ್ರದ ಬೋಟುಗಳು ಕಡಲಲ್ಲಿ ಬಲೆ ಎಳೆಯುವಂತಿಲ್ಲ) ಶುರುವಾಗಿ, ನಮ್ಮ ಕಡೆಯ ಮೀನಿನವನು ಬೇರೆ ಕೆಲಸ ಹುಡುಕಿಕೊಂಡಿದ್ದ. ಬೆಳಗ್ಗೆ ಒಂಬತ್ತಕ್ಕೆ ತೋಟದ ಮೂಲೆಯಲ್ಲಿ ನಿಂತು ನಾಲ್ಕು ಬಾರಿ ಅದುಮಿದೆ. ಮಂಗಗಳು ಕದಲಲಿಲ್ಲ. ಬೆಕ್ಕು ಬಾಲ ನಿಗುರಿಸಿಕೊಂಡು ಗೇಟಿಗೆ ಓಡಿತು. ಅದರ ಬೆನ್ನಿಗೇ ಕೆಳಗಿನ ಮನೆಯ ಅಕ್ಕ ಅಲ್ಯೂಮಿನಿಯಂ ಬೋಗುಣಿ ಹಿಡಿದು ಬಂದರು, ಎದುರು ಮನೆಯ ಉಮ್ಮ ಮುಷ್ಟಿಯಲ್ಲಿ ನೋಟು ಹಿಡಿದು ಬಂದರು.

“ಬೂತಾಯಿ ಉಂಟಾ?”

“ಮತ್ತಿ ಉಂಡೋ?”

ಎರಡೂ ಒಂದೇ ಮೀನು. ಕಾಸರಗೋಡು ಸಪ್ತಭಾಷೆಗಳ ನಾಡಂತೆ. ಎಂಟನೆಯದು ಮೀನಿನವನ ಹಾರ್ನಿನ ಈ ಪೋಂ, ಅದೊಂದೇ ಎಲ್ಲರಿಗೂ ಅರ್ಥವಾಗುವುದು. ಅಂಥ ಹಾರ್ನ್ ಹಿಡಿದು ನಿಂತವನು ನಾನು. ನಮ್ಮ ಮನೆಯಲ್ಲಿ ಮೀನು ತಿನ್ನುವುದು ಬೆಕ್ಕು ಮಾತ್ರ.

ಡಿಗ್ರಿಯಲ್ಲಿ ಮನಶ್ಶಾಸ್ತ್ರ ಓದುವ ಮಗಳು ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಅಪ್ಪಾ, ಇದು ಪಾವ್ಲೋವ್!”

ರಷ್ಯದ ಇವಾನ್ ಪಾವ್ಲೋವ್ ಮನಶ್ಶಾಸ್ತ್ರದವನೇ ಅಲ್ಲವಂತೆ. ಜೀರ್ಣಕ್ರಿಯೆಯ ಸಂಶೋಧಕ; 1904ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಅವನ ನಾಯಿಗಳು ಊಟ ಬಾಯಿಗೆ ಬೀಳುವ ಮೊದಲೇ, ತರುವವರ ಸುಳಿವಿಗೇ ಜೊಲ್ಲು ಸುರಿಸುತ್ತಿದ್ದವು. ನಾನಾಗಿದ್ದರೆ ನಾಯಿಗೆ ಎರಡು ಬೈದು ಸುಮ್ಮನಾಗುತ್ತಿದ್ದೆ. ಅವನು ಅದನ್ನೇ ಹಿಡಿದು ಕುಳಿತ. ಮೆಟ್ರೋನೋಮಿನ ಟಿಕ್ ಟಿಕ್ ಕೇಳಿಸಿ ಊಟ ಹಾಕುತ್ತಾ ಹೋದ. ಕೊನೆಗೆ ಊಟವಿಲ್ಲದ ಬರಿಯ ಟಿಕ್ ಟಿಕ್ಕಿಗೂ ಜೊಲ್ಲು ಇಳಿಯಿತು.

“ಬೆಕ್ಕಿಗೆ ಸರಿ, ಬೋಗುಣಿ ತಂದವರಿಗೆ?”

“ಮೆಲ್ಲಗೆ ಅಪ್ಪಾ, ಅವರಿನ್ನೂ ಗೇಟಿನಲ್ಲೇ ಇದ್ದಾರೆ.”

ನಾನು ಬಿಡಲಿಲ್ಲ. ದಿನಕ್ಕೆ ಹತ್ತಾರು ಸಲ ಅದುಮಿದೆ. ಮೂರು ದಿನ ಬೋಗುಣಿಗಳು ಬಂದು, ನನ್ನನ್ನು ದುರುಗುಟ್ಟಿ ನೋಡಿ ಹಿಂದಿರುಗಿದವು. ಆಮೇಲೆ ಬೆಕ್ಕು ಮಾತ್ರ. ವಾರ ಕಳೆದ ಮೇಲೆ ಅದೂ ಒಂದು ಕಿವಿ ತಿರುಗಿಸಿ ಮಲಗಿಕೊಂಡಿತು. ಶಬ್ದದ ಹಿಂದೆ ಊಟ ಬಾರದಿದ್ದರೆ ಕಲಿತದ್ದು ಹೀಗೆ ಆರಿಹೋಗುತ್ತದಂತೆ. ಮಗಳು ದಿನಾಂಕ ಸಮೇತ ಬರೆದುಕೊಂಡಳು. ಮಂಗಗಳಂತೂ ಪೋಂ ಕೇಳಿದರೆ ಬೊಂಡ ಕೀಳುವ ಸಮಯವಾಯಿತು ಎಂದುಕೊಂಡಂತಿತ್ತು.

ಆಗಸ್ಟ್‌ನಲ್ಲಿ ಮೀನಿನವನು ಪೆಟ್ಟಿಗೆ ತುಂಬಾ ಬಂಗುಡೆ ತಂದು, ಗೇಟಿನ ಬಳಿ ಅದುಮಿಯೇ ಅದುಮಿದ. ಒಬ್ಬರೂ ಬರಲಿಲ್ಲ. ಬೆಕ್ಕು ಆಕಳಿಸಿತು. ಅವನು ಸೀದಾ ಅಂಗಳಕ್ಕೆ ಬಂದ. ಜಗಲಿಯ ಮೇಲಿದ್ದ ನನ್ನ ಹಾರ್ನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನು ಮಲಯಾಳದಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡಿಸುವುದಿಲ್ಲ.

ತಪ್ಪು ನನ್ನದೇ. ಅವನ ಸ್ಕೂಟರಿನ ಜೊತೆ ನಡೆಯುತ್ತಾ, “ಇದು ನಿಜವಾದ ಪೋಂ, ಬನ್ನಿ” ಎಂದು ಮನೆ ಮನೆಗೆ ಕೂಗಿ ಹೇಳಿದೆ. ಮೂರನೆಯ ಮನೆಯ ತಿರುವಿನಲ್ಲಿ ದೇವಸ್ಥಾನದ ಭಟ್ಟರು ಎದುರಾದರು. ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

“ಶುರು ಮಾಡಿ ಎಷ್ಟು ಸಮಯವಾಯಿತು?” ಎಂದರು.